ಅಕ್ಕನ ಹಲ್ಲು ಮತ್ತು ನನ್ನ ಟ್ರೆಬಲ್

ಹೆಡ್‌ಫೋನ್ ಹಾಕಿಕೊಂಡು ಹಾಡು ಕೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಹಾಡು ಎಂದರೆ ನಾಲ್ಕು ಜನರ ಕಿವಿಗೆ ಒಟ್ಟಿಗೆ ಬೀಳಬೇಕು, ಗಾಳಿಯಲ್ಲಿ ಸ್ವಲ್ಪ ದೂರ ನಡೆದು ಬರಬೇಕು ಎಂದು ನಂಬಿದವನು ನಾನು. ಒಬ್ಬನೇ ಕಿವಿ ಮುಚ್ಚಿಕೊಂಡು ಕೇಳುವುದು ಒಬ್ಬನೇ ಬಾಗಿಲು ಹಾಕಿಕೊಂಡು ಹೋಳಿಗೆ ತಿಂದ ಹಾಗೆ ಎಂದು ಎಷ್ಟೋ ಜನರಿಗೆ ಭಾಷಣವನ್ನೂ ಮಾಡಿದ್ದೇನೆ. ಭಾಷಣ ಮಾಡುವ ಚಟ ನನಗೆ ಸ್ವಲ್ಪ ಜಾಸ್ತಿ.

ಹೊಟ್ಟೆಪಾಡಿನ ದಾರಿಯೂ ಹಾಗೇ ಇತ್ತು. ಮೊದಲು ನಾನು ಮೈಕ್ ಸೆಟ್ಟಿನವನು. ಉದ್ಯಾವರದ ಮನೆಯಿಂದ ಸೈಕಲ್ಲಿನ ಹಿಂದೆ ಹಾರ್ನ್ ಸ್ಪೀಕರ್ ಕಟ್ಟಿಕೊಂಡು ಮದುವೆ, ಗೃಹಪ್ರವೇಶಗಳಿಗೆ ಹೋಗುತ್ತಿದ್ದೆ. ಆಮೇಲೆ ಅಂಬಲಪಾಡಿಯಲ್ಲಿ ಒಂದು ಕೋಣೆ ಹಿಡಿದು, ಗೋಡೆಗೆ ಹಳೆಯ ಹಾಸಿಗೆಗಳನ್ನು ಬಡಿದು, ಹಾಡು ರೆಕಾರ್ಡ್ ಮಾಡುವ ಕೆಲಸ ಶುರುಮಾಡಿದೆ. ಆಗ ನನ್ನ ಬಳಿ ಹೆಚ್ಚಾಗಿ ಬರುತ್ತಿದ್ದವರು ಮೀನುಗಾರಿಕೆಯ ಬೋಟಿನವರು. ಕಡಲಿಗೆ ಹೋಗುವಾಗ ಬೋಟಿನಲ್ಲಿ ಹಾಕಲು ಅವರಿಗೆ ಭಜನೆ ಬೇಕು. ಅವರದು ಒಂದೇ ಬೇಡಿಕೆ, “ಎಂಜಿನಿನ ಮೇಲೆ ಕೇಳಬೇಕು ಮಾರಾಯ್ರೆ!”

ಬೋಟಿನ ಎಂಜಿನ್ ದಪ್ಪ ಸದ್ದುಗಳನ್ನೆಲ್ಲ ನುಂಗಿಬಿಡುತ್ತದೆ. ಮದ್ದಳೆ ಹೋಗುತ್ತದೆ, ಹಾರ್ಮೋನಿಯಂ ಅರ್ಧ ಹೋಗುತ್ತದೆ. ಉಳಿಯುವುದು ಹಲ್ಲಿನ ಸಂದಿಯಿಂದ ಬರುವ ಚೂಪು ಸದ್ದು ಮಾತ್ರ. ಸ, ಶ, ಚ. ಅದು ಕೇಳಿಸಿದರೆ ಹಾಡಿನ ಪದ ಅರ್ಥವಾಗುತ್ತದೆ. ಹಾಗಾಗಿ ನಾನು ಆ ಚೂಪನ್ನು ಹೆಚ್ಚಿಸುವ ಟ್ರೆಬಲ್ ಗುಂಡಿ ಏರಿಸಿದೆ, ಬೋಟಿನವರು ಖುಷಿಪಟ್ಟರು. ಕಂಪ್ಯೂಟರ್ ಬಂದ ಮೇಲೆ ಆ ಅಳತೆಯನ್ನೇ ಉಳಿಸಿಟ್ಟು ಅದಕ್ಕೆ ‘ಬೋಟು’ ಎಂದು ಹೆಸರಿಟ್ಟೆ. ಯಾರೇ ಹಾಡಲು ಬರಲಿ, ಮೊದಲು ‘ಬೋಟು’ ಒತ್ತುವುದು, ಉಳಿದದ್ದು ಆಮೇಲೆ. ಕಾಪುವಿನಿಂದ ಬ್ಯಾರಿ ಮದುವೆ ಹಾಡಿನ ತಂಡ ಬಂದರೂ ಅದೇ, ಶಾಲೆಯ ವಾರ್ಷಿಕೋತ್ಸವದ ಸ್ವಾಗತಗೀತೆ ಬಂದರೂ ಅದೇ. ಕಡಲು ಕಾಣದವರನ್ನೂ ನಾನು ಬೋಟಿಗೆ ಹತ್ತಿಸಿದ್ದೇನೆ.

ಮುಗಿದ ಹಾಡನ್ನು ಪರೀಕ್ಷಿಸುವ ಕ್ರಮವೂ ಒಂದಿತ್ತು. ಅದನ್ನು ಮನೆಗೆ ತಂದು ಚಾವಡಿಯ ಸ್ಪೀಕರ್ ಪೆಟ್ಟಿಗೆಯಲ್ಲಿ ಹಾಕುತ್ತಿದ್ದೆ, ಹೆಂಡತಿ ಒಳಗೆ ಚಟ್ನಿ ಅರೆಯಲು ಮಿಕ್ಸಿ ತಿರುಗಿಸುವ ಹೊತ್ತು ನೋಡಿ. ಮಿಕ್ಸಿಯ ಮೇಲೆ ಹಾಡಿನ ಪದ ಸ್ಪಷ್ಟವಾಗಿ ಕೇಳಿದರೆ ಪಾಸು. “ಚಟ್ನಿ ಆಯ್ತು, ಇನ್ನು ನಿಲ್ಲಿಸ್ಲಾ?” ಎಂದು ಅವಳು ಕೇಳಿದರೆ, “ಇನ್ನೊಂದು ಚರಣ ಉಂಟು, ತಿರುಗ್ಲಿ” ಎನ್ನುತ್ತಿದ್ದೆ. ನಮ್ಮ ಮನೆಯ ಚಟ್ನಿ ಊರಿಗೇ ನುಣ್ಣಗೆ.

ಇನ್ನು ಅಕ್ಕನ ವಿಷಯ. ನನಗಿಂತ ಎಂಟು ವರ್ಷ ದೊಡ್ಡವಳು, ಮದುವೆಯಾಗಿ ಕಾಪುವಿನಲ್ಲಿದ್ದಾಳೆ. ಅಲ್ಲಿನ ಭಜನಾ ಮಂದಿರದಲ್ಲಿ ಶನಿವಾರ ಸಂಜೆಯ ಭಜನೆಗೆ ಮೂವತ್ತು ವರ್ಷಗಳಿಂದ ಅವಳೇ ಮುಂದಾಳು. ಅವಳು ಒಂದು ಸಾಲು ಹೇಳುವುದು, ಉಳಿದ ಹೆಂಗಸರು ಅದನ್ನು ಎತ್ತಿಕೊಳ್ಳುವುದು. ಸ್ವರ ದೊಡ್ಡದಲ್ಲ, ಆದರೆ ಅಕ್ಷರ ಅಕ್ಷರವೂ ಸ್ವಚ್ಛ. ಮನೆಯಲ್ಲಿ ನಾವು ಮಾತಾಡುವುದು ತುಳು, ಇಲ್ಲಿ ಓದುವವರಿಗಾಗಿ ಕನ್ನಡ ಮಾಡಿದ್ದೇನೆ. ಹಾಡು ಮಾತ್ರ ಅವಳದು ಕನ್ನಡದ್ದೇ ಹೆಚ್ಚು, ಕಲಿತದ್ದು ಅಜ್ಜಿಯ ಬಾಯಿಯಿಂದ.

ಮೂರು ವರ್ಷದ ಹಿಂದೆ ಅಕ್ಕನ ಮೇಲಿನ ಸಾಲಿನ ಹಲ್ಲುಗಳೆಲ್ಲ ಒಂದೊಂದಾಗಿ ಕೈಕೊಟ್ಟವು. ಮಣಿಪಾಲದಲ್ಲಿ ಒಬ್ಬ ಡಾಕ್ಟರಮ್ಮ ಹಲ್ಲಿನ ಸೆಟ್ ಮಾಡಿಕೊಟ್ಟರು. ಚೆನ್ನಾಗಿಯೇ ಕುಳಿತಿತ್ತು. ಅಕ್ಕ ಕನ್ನಡಿ ನೋಡಿ, “ಮದುವೆಯ ಫೋಟೋದಲ್ಲಿಯೂ ನನಗೆ ಇಷ್ಟು ಚಂದದ ಹಲ್ಲು ಇರಲಿಲ್ಲ” ಎಂದು ನಕ್ಕಳು. ಮಂದಿರದಲ್ಲಿ ಹಾಡಿದಳು, ಯಾರೂ ಏನೂ ಹೇಳಲಿಲ್ಲ.

ಆಗಲೇ ಅವಳ ಮಗಳು ನನ್ನ ಬೆನ್ನು ಹಿಡಿದದ್ದು. ಮಗಳನ್ನು ಕೊಟ್ಟದ್ದು ಕಾರ್ಕಳಕ್ಕೆ, ಕೆಲಸ ಮಣಿಪಾಲದಲ್ಲಿ. ದಿನಾ ಬಸ್ಸಿನಲ್ಲಿ ಹೋಗಿಬರುವಾಗ ಕಿವಿಗೆ ಇಯರ್‌ಫೋನ್ ತುರುಕಿಕೊಳ್ಳುವವಳು. “ಮಾಮ, ಅಮ್ಮನ ಹಾಡು ನನ್ನ ಮೊಬೈಲಿನಲ್ಲಿ ಬೇಕು. ಬಸ್ಸಿನಲ್ಲಿ ಕೇಳ್ಕೊಂಡು ಹೋಗ್ತೇನೆ” ಎಂದಳು. ಇಯರ್‌ಫೋನಿನ ಬಗ್ಗೆ ನನ್ನ ಭಾಷಣವನ್ನು ಒಮ್ಮೆ ಕೇಳಿಸಿಕೊಂಡು, ಆಮೇಲೆ ಅಕ್ಕನನ್ನು ಅವಳೇ ಅಂಬಲಪಾಡಿಗೆ ಕರೆತಂದಳು. ಎಂಟು ಹಾಡು ರೆಕಾರ್ಡ್ ಮಾಡಿದೆವು. ಮಿಕ್ಸಿಯಲ್ಲಿ ಪಾಸಾದವು. ಕಳಿಸಿದೆ.

ಎರಡನೆಯ ದಿನ ಅವಳ ಫೋನ್ ಬಂತು. “ಮಾಮ, ಬೇಜಾರು ಮಾಡ್ಬೇಡಿ. ಹಾಡು ಒಳ್ಳೆದುಂಟು. ಆದರೆ ‘ಸ’ ಬರುವಲ್ಲೆಲ್ಲ ಕಿವಿಗೆ ಚುಚ್ಚಿದ ಹಾಗೆ ಆಗ್ತದೆ. ಕಾರ್ಕಳದಿಂದ ಹೊರಟವಳಿಗೆ ಹಿರಿಯಡ್ಕ ಮುಟ್ಟುವಾಗ ತಲೆನೋವು ಬಂತು.”

ನನಗೆ ಸಿಟ್ಟು ಬಂತು. ನಿನ್ನ ಇಯರ್‌ಫೋನೇ ಹಾಳು ಎಂದೆ. ಅವಳು ಬಿಡುವ ಪೈಕಿ ಅಲ್ಲ. ಭಾನುವಾರ ತನ್ನ ಒಳ್ಳೆಯ ಹೆಡ್‌ಫೋನನ್ನೇ ಹಿಡಿದುಕೊಂಡು, ಅಮ್ಮನನ್ನೂ ಕರೆದುಕೊಂಡು ನನ್ನ ಕೋಣೆಗೆ ಬಂದಳು. ನಾನು ಕಿವಿಗೆ ಏರಿಸಿ ಕೇಳಿದೆ. ಹುಡುಗಿ ಹೇಳಿದ್ದು ನಿಜ. ‘ಸ್ವಾಮಿ’ ಎನ್ನುವಲ್ಲಿ, ‘ಶರಣು’ ಎನ್ನುವಲ್ಲಿ, ಎರಡೂ ಕಿವಿಗೆ ಸೂಜಿಯ ಮೊನೆ ತಾಗಿದಂತೆ ಒಂದು ಸೀಟಿ. ಪೆಟ್ಟಿಗೆಯಲ್ಲಿ ಕೇಳುವಾಗ ಆ ಸದ್ದು ಕೋಣೆಯಲ್ಲಿ ಹರಡಿ, ಗೋಡೆಗೆ, ಬಟ್ಟೆಗೆ ತಾಗಿ ಮೆತ್ತಗಾಗಿರುತ್ತದೆ. ಹೆಡ್‌ಫೋನಿನಲ್ಲಿ ಬಾಯಿಗೂ ಕಿವಿಗೂ ನಡುವೆ ಗಾಳಿಯೇ ಇಲ್ಲ.

ನಾನು ಹೆಡ್‌ಫೋನ್ ತೆಗೆದೆ, ಅಕ್ಕನ ಮುಖ ನೋಡಿದೆ, ದೊಡ್ಡ ವೈದ್ಯನ ಗತ್ತಿನಲ್ಲಿ ಹೇಳಿದೆ, “ಇದು ಹೊಸ ಹಲ್ಲಿನದ್ದು ಅಕ್ಕ. ಹಲ್ಲಿನ ಸಂದಿಯಲ್ಲಿ ಗಾಳಿ ಸೀಟಿ ಹೊಡೀತದೆ. ಮೈಕ್ ಸುಳ್ಳು ಹೇಳುವುದಿಲ್ಲ.”

ಅಕ್ಕ ಹೆಡ್‌ಫೋನನ್ನು ತಾನೂ ಹಾಕಿಕೊಂಡಳು. ತನ್ನ ಸ್ವರವನ್ನು ಅಷ್ಟು ಹತ್ತಿರದಿಂದ ಅವಳು ಕೇಳಿದ್ದು ಅದೇ ಮೊದಲು. ಒಂದು ಹಾಡು ಪೂರ್ತಿ ಕೇಳಿದಳು. ತೆಗೆದು ಮೇಜಿನ ಮೇಲಿಟ್ಟು, “ಇಷ್ಟು ದಿನ ಜನ ಇದನ್ನು ಹೇಗೆ ಸಹಿಸ್ಕೊಂಡ್ರು?” ಎಂದಳು. ಅವಳ ಮುಖ ಚಿಕ್ಕದಾಗಿಹೋಗಿತ್ತು. ನಾನು ಅದನ್ನು ಕಂಡೆ, ಆದರೂ ನನ್ನ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಸರಿಯಾಗಿಯೇ ಹೇಳಿದ್ದೇನೆ ಎಂದುಕೊಂಡಿದ್ದೆ.

ಅಲ್ಲಿಂದ ಮಣಿಪಾಲಕ್ಕೆ ಓಡಾಟ. ಡಾಕ್ಟರಮ್ಮ ಒಮ್ಮೆ ಸೆಟ್ಟನ್ನು ತುಸು ಅರೆದು ಕೊಟ್ಟರು. ಎರಡನೆಯ ಸಲ ನಾನೂ ಹೋಗಿದ್ದೆ. ಅವರು ಅಕ್ಕನ ಎದುರು ಕುಳಿತು, “ಸಾಸಿವೆ ಹೇಳಿ ಅಮ್ಮ. ಸಕ್ಕರೆ ಹೇಳಿ. ಸೀಸೆ” ಎಂದು ಹೇಳಿಸಿದರು. ಅಕ್ಕ ಪರೀಕ್ಷೆಗೆ ಕುಳಿತ ಮಗುವಿನಂತೆ ಹೇಳಿದಳು. “ನನಗೆ ಸೀಟಿ ಕೇಳ್ತಾ ಇಲ್ಲವಲ್ಲ” ಎಂದರು ಅವರು. ನಾನು ಬಿಡಬೇಕಲ್ಲ! “ನಿಮಗೆ ಬರಿಗಿವಿಯಲ್ಲಿ ಕೇಳುದಿಲ್ಲ ಡಾಕ್ಟ್ರೆ, ಮೈಕಿಗೆ ಕೇಳ್ತದೆ” ಎಂದೆ. ಹೀಗೆ ಡಾಕ್ಟರಿಗೂ ಪಾಠ ಹೇಳಿ ಬಂದೆ.

ಅಕ್ಕ ಮಂದಿರದಲ್ಲಿ ಮುಂದೆ ಕುಳಿತುಕೊಳ್ಳುವುದನ್ನು ಬಿಟ್ಟಳು. ಹಿಂದಿನ ಸಾಲಿಗೆ ಹೋಗಿ ತಾಳ ಹಿಡಿದಳು. ಕೇಳಿದವರಿಗೆ ಗಂಟಲು ಸರಿ ಇಲ್ಲ ಎಂದಳಂತೆ. ಮನೆಯಲ್ಲಿಯೂ ಮಾತು ಕಡಿಮೆಯಾಯಿತು. ಒಮ್ಮೆ ಊಟಕ್ಕೆ ಹೋದಾಗ ಗಮನಿಸಿದೆ, ಸಾಂಬಾರು ಬಡಿಸುತ್ತ “ಹುಳಿ ಬೇಕಾ?” ಎಂದು ಕೇಳಿದಳು. ‘ಸಾಕಾ’ ಎನ್ನುವಲ್ಲಿ ‘ಬೇಡ್ವಾ’ ಎಂದಳು. ‘ಸ’ ಬರುವ ಪದಗಳನ್ನು ದಾಟಿಕೊಂಡು ಹೋಗುತ್ತಿದ್ದಳು. ನನಗೆ ಆ ಊಟ ಇಳಿಯಲಿಲ್ಲ.

ಇದನ್ನು ಕಂಪ್ಯೂಟರಿನಲ್ಲಾದರೂ ಸರಿಮಾಡಿಕೊಡೋಣ ಎಂದು ಅದನ್ನು ಮನೆಗೆ ಹೊತ್ತು ತಂದು ಕುಳಿತೆ. ‘ಸ’ಕಾರದ ಚೂಪನ್ನು ಹುಡುಕಿ ತಗ್ಗಿಸಲು ಡಿ-ಎಸ್ಸರ್ ಎಂಬ ಉಪಾಯವಿದೆ. ಅದುವರೆಗೆ ನಾನದನ್ನು ಮುಟ್ಟಿದವನಲ್ಲ. ಬಿಗಿಯಾಗಿ ಹಾಕಿದೆ. ಗಣಪತಿ ಮಾಡಲು ಹೋಗಿ ಅವನ ಅಪ್ಪನನ್ನು ಮಾಡಿದ ಹಾಗಾಯಿತು. ಸೀಟಿಯೇನೋ ಹೋಯಿತು, ಅದರ ಜೊತೆ ಅಕ್ಷರವೂ ಹೋಗಿ ಅಕ್ಕ ‘ತ್ವಾಮೀ, ತರಣು’ ಎಂದು ಹಾಡತೊಡಗಿದಳು. ಚಹಾ ತಂದ ಹೆಂಡತಿ ಬಾಗಿಲಲ್ಲೇ ನಿಂತು ನಕ್ಕಳು. ಯಾವುದಾದರೂ ಎರಡು ವರ್ಷದ ಮಗು ಹಾಡಿದ್ದಾ ಎಂದು ಕೇಳಿದಳು.

ಎಷ್ಟು ತಗ್ಗಿಸಿದರೆ ಸಹಜವಾಗುತ್ತದೆ ಎಂದು ತಿಳಿಯಲು ಒಂದು ಅಳತೆ ಬೇಕಿತ್ತು. ಅಕ್ಕ ಸ್ವಂತ ಹಲ್ಲಿನಲ್ಲಿ ಹಾಡಿದ ಹಳೆಯ ರೆಕಾರ್ಡ್ ಒಂದಿತ್ತು, ಬೋಟಿನವರಿಗಾಗಿ ಮಾಡಿದ್ದು. ಅದರ ‘ಸ’ ಹೇಗಿದೆ ಎಂದು ಕೇಳಿ, ಈಗಿನದನ್ನು ಅದಕ್ಕೆ ಹೊಂದಿಸುವುದು ನನ್ನ ಲೆಕ್ಕಾಚಾರ. ಅಕ್ಕನ ಮಗಳ ಹೆಡ್‌ಫೋನ್ ನನ್ನ ಬಳಿಯೇ ಉಳಿದಿತ್ತು. ಹಾಕಿಕೊಂಡು ಕೇಳಿದೆ.

ಅದೇ ಸೀಟಿ. ಅದೇ ಸೂಜಿ.

ಇನ್ನೊಮ್ಮೆ ಕೇಳಿದೆ. ಆಮೇಲೆ ಬೇರೆಯವರ ಹಾಡುಗಳನ್ನು ತೆರೆದೆ. ಬ್ಯಾರಿ ಮದುವೆ ಹಾಡು, ಸಂತೆಕಟ್ಟೆಯ ಒಬ್ಬರು ಮೊಮ್ಮಗನ ನಾಮಕರಣಕ್ಕೆಂದು ಹಾಡಿಸಿದ ಜೋಗುಳ, ಶಾಲೆಯ ಸ್ವಾಗತಗೀತೆ. ಗಂಡಸು, ಹೆಂಗಸು, ಮಕ್ಕಳು, ಎಲ್ಲರ ಹಲ್ಲಿನಲ್ಲೂ ಸೀಟಿ. ಜೋಗುಳ ಕೇಳಿ ಯಾವ ಮಗು ನಿದ್ದೆ ಮಾಡಿತೋ ದೇವರೇ ಬಲ್ಲ. ಇಷ್ಟೂ ಜನ ಮಣಿಪಾಲದಲ್ಲಿ ಹಲ್ಲು ಕಟ್ಟಿಸಿದವರಲ್ಲವಲ್ಲ! ಎಲ್ಲರಿಗೂ ಸಮಾನವಾಗಿದ್ದದ್ದು ಒಂದೇ, ‘ಬೋಟು’. ಎಂಜಿನ್ ಇಲ್ಲದ ಕಡೆಯಲ್ಲೂ ನಾನು ಎಂಜಿನಿನ ಮೇಲೆ ಕೇಳಿಸಲು ಹೊರಟಿದ್ದೆ. ಇಷ್ಟು ವರ್ಷ ಯಾರೂ ಹೇಳದಿದ್ದದ್ದು ಯಾಕೆಂದರೆ, ಅವರೆಲ್ಲ ಕೇಳಿದ್ದು ಬೋಟಿನಲ್ಲಿ, ಚಪ್ಪರದಲ್ಲಿ, ಸಭೆಯಲ್ಲಿ. ಅಕ್ಕನ ಹಾಡಿನಲ್ಲಿ ಬದಲಾಗಿದ್ದು ಹಲ್ಲಲ್ಲ, ಕೇಳಿದ ರೀತಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಅಕ್ಕನ ಹಲ್ಲು ಡೊಂಕು ಎಂದಿದ್ದೆ.

ನಾಚಿಕೆಯಾಯಿತು. ನಾಚಿಕೆಯಾದಾಗ ಮನುಷ್ಯ ಒಳ್ಳೆಯವನಾಗುತ್ತಾನೆ ಎನ್ನುತ್ತಾರೆ, ನನ್ನ ವಿಷಯದಲ್ಲಿ ಅದು ಸುಳ್ಳು. ನನಗೆ ಮೊದಲು ಹೊಳೆದದ್ದು ಸದ್ದಿಲ್ಲದೆ ಸರಿಮಾಡಿಬಿಡುವ ಉಪಾಯ. ಅಷ್ಟರಲ್ಲಿ ಅಕ್ಕ ಮೂರನೆಯ ಸಲ ಡಾಕ್ಟರಮ್ಮನ ಬಳಿ ಹೋಗಿಬಂದಿದ್ದಳು. “ಈಗ ಇನ್ನೊಮ್ಮೆ ಹಾಡಿ ನೋಡುವ ಅಕ್ಕ” ಎಂದು ಕರೆದೆ. ‘ಬೋಟು’ ಒತ್ತಲಿಲ್ಲ. ಮೈಕನ್ನು ಬಾಯಿಗೆ ನೇರವಾಗಿ ಇಡದೆ ಸ್ವಲ್ಪ ಓರೆಯಾಗಿ, ಗದ್ದದ ಕಡೆಗೆ ಇಳಿಸಿಟ್ಟೆ; ಹಲ್ಲಿನಿಂದ ಹೊರಟ ಗಾಳಿ ಮೈಕಿನ ಪಕ್ಕದಿಂದ ಹಾದುಹೋಗಲಿ ಎಂದು. ಆಮೇಲೆ ಮೂರು ದಿನ ಹೆಡ್‌ಫೋನ್ ಹಾಕಿಕೊಂಡು, ಸ್ವರ ಸಣ್ಣಗಿಟ್ಟು, ಹೆಚ್ಚಾದ ‘ಸ’ಗಳನ್ನು ಒಂದೊಂದಾಗಿ ಕೈಯಲ್ಲಿ ತಗ್ಗಿಸಿದೆ. ಎಲ್ಲವನ್ನೂ ಅಲ್ಲ, ಚುಚ್ಚುವುದನ್ನು ಮಾತ್ರ. ಮೀನಿನ ಮುಳ್ಳು ತೆಗೆಯುವಾಗ ಮಾಂಸ ಹರಿಯಬಾರದು ಎನ್ನುವಷ್ಟೇ ಜಾಗ್ರತೆ ಅದಕ್ಕೆ ಬೇಕು. ನಿಜ ಹೇಳಬೇಕೆಂದರೆ ಆ ಮೂರು ದಿನ ನನಗೆ ಸುಖವಾಗಿತ್ತು. ಅಕ್ಕ ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಳ್ಳುವುದು, ನಗು ಬಂದರೆ ತಡೆದುಕೊಳ್ಳುವುದು, ಎಲ್ಲವೂ ನನಗೆ ಮೊದಲ ಸಲ ಕೇಳಿಸಿತು.

ಅಕ್ಕನ ಮಗಳು ಬಸ್ಸಿನಿಂದಲೇ ಫೋನ್ ಮಾಡಿದಳು. “ಮಾಮ, ಅಮ್ಮ ಪಕ್ಕದಲ್ಲಿ ಕೂತು ಹಾಡಿದ ಹಾಗೆ ಉಂಟು!” ಅಕ್ಕನೂ ಕೇಳಿ ಸಮಾಧಾನಪಟ್ಟಳು. “ಅರ್ಧ ಡಾಕ್ಟ್ರು ಸರಿಮಾಡಿದ್ದು, ಅರ್ಧ ನೀನು” ಎಂದಳು. ಒಂದು ಚೀಲ ತುಂಬ ಮಟ್ಟುಗುಳ್ಳ ಕೊಟ್ಟು, ಡಾಕ್ಟರಮ್ಮನಿಗೆ ಮುಟ್ಟಿಸಲು ನನಗೇ ಹೇಳಿದಳು. ಬದನೆಕಾಯಿಯ ಚೀಲ ಹೊತ್ತು ಮಣಿಪಾಲಕ್ಕೆ ಹೋದೆ. ಡಾಕ್ಟರಮ್ಮ ಚೀಲ ನೋಡಿ ನಕ್ಕು, “ಇದನ್ನು ಹೇಗೆ ತೆಗೊಳ್ಳುದು ಅಂಕಲ್? ಕೊನೆಯ ಸಲ ನಾನು ಎಂತದೂ ಮಾಡಿಲ್ಲ. ಪಾಲಿಶ್ ಮಾಡಿ ಹಾಗೇ ಕೊಟ್ಟದ್ದು. ಅವರ ಹಲ್ಲಿನಲ್ಲಿ ದೋಷ ಯಾವಾಗಲೂ ಇರಲಿಲ್ಲ” ಎಂದರು. ನಾನು ಅವರ ಮುಖ ನೋಡಲಾರದೆ ಗುಳ್ಳದ ಪಲ್ಯ ಮಾಡುವ ಕ್ರಮ ಹೇಳಿ ಬಂದುಬಿಟ್ಟೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಆದರೆ ಶನಿವಾರ ಬಂತು, ಅಕ್ಕ ಮತ್ತೆ ಹಿಂದಿನ ಸಾಲಿನಲ್ಲೇ ಕುಳಿತಳಂತೆ. ಎಂಟನೆಯ ಶನಿವಾರ ಅದು. ಮರುದಿನ ಕಾಪುವಿಗೆ ಹೋಗಿ ಯಾಕೆ ಎಂದು ಕೇಳಿದೆ. ಅಂಗಳದ ಬಿಸಿಲಿಗೆ ಮೆಣಸು ಹರಡುತ್ತಿದ್ದವಳು ತಲೆ ಎತ್ತದೆ ಹೇಳಿದಳು, “ಅದು ಕಂಪ್ಯೂಟರಿನಲ್ಲಿ ಸರಿಯಾದದ್ದು ಅಲ್ವಾ? ನನ್ನ ಬಾಯಿಯಲ್ಲಿ ಅಲ್ಲ. ಮಂದಿರದಲ್ಲಿ ನೀನು ನನ್ನ ಬಾಯಿಗೆ ಕಂಪ್ಯೂಟರ್ ಕಟ್ತೀಯಾ?”

ಆಗ ಗೊತ್ತಾಯಿತು, ನಾನು ಸರಿಮಾಡಿದ್ದು ಹಾಡನ್ನು. ಕೆಡಿಸಿದ್ದು ಬೇರೆಯೇ ಇತ್ತು. ಅದನ್ನು ಸರಿಮಾಡುವ ಗುಂಡಿ ಯಾವ ಯಂತ್ರದಲ್ಲೂ ಇಲ್ಲ. ಅವಳ ಎದುರು ಕುಕ್ಕರುಗಾಲಲ್ಲಿ ಕುಳಿತು, ಮೆಣಸು ಹರಡುತ್ತ, ಎಲ್ಲವನ್ನೂ ಹೇಳಿದೆ. ಹಳೆಯ ರೆಕಾರ್ಡಿನ ಸೀಟಿ, ಎಲ್ಲರ ಹಾಡಿನ ಸೀಟಿ, ‘ಬೋಟು’, ಡಾಕ್ಟರಮ್ಮ ಹೇಳಿದ ಮಾತು. “ನಿನ್ನ ಹಲ್ಲಲ್ಲ ಅಕ್ಕ, ನನ್ನ ಟ್ರೆಬಲ್. ಗೊತ್ತಾಗಿ ಎರಡು ವಾರ ಆಯ್ತು. ಹೇಳಲಿಕ್ಕೆ ಧೈರ್ಯ ಬರ್ಲಿಲ್ಲ.”

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅಕ್ಕ ಮೆಣಸನ್ನು ತಿರುವಿಹಾಕಿದಳು. ಆಮೇಲೆ ಹೇಳಿದಳು, “ಮಂದಿರದಲ್ಲಿ ಯಾರೂ ಸೀಟಿ ಕೇಳ್ತದೆ ಅಂತ ಹೇಳ್ಲಿಲ್ಲ. ಡಾಕ್ಟ್ರು ಇಲ್ಲ ಅಂದ್ರು. ಬೇರೆ ಯಾರು ಹೇಳಿದ್ರೂ ನಾನು ಕಿವಿಗೆ ಹಾಕ್ಕೊಳ್ತಿರಲಿಲ್ಲ ಮಾರಾಯ. ಹೇಳಿದ್ದು ನೀನು. ಹಾಗಾಗಿ ನಂಬಿದೆ.”

ನನಗೆ ಕಣ್ಣು ಉರಿಯಿತು. ಮೆಣಸಿನ ಕೈಯಲ್ಲಿ ಒರೆಸಿಕೊಳ್ಳಲು ಹೋಗಿ ಇನ್ನಷ್ಟು ಉರಿಯಿತು. ಅಕ್ಕ ನನ್ನನ್ನು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಮುಖ ತೊಳೆಸಿದಳು. ತೊಳೆಸುತ್ತ ತೊಳೆಸುತ್ತ ಆಗ ಬೈದಳು. ಕತ್ತೆ, ಮಂಗ, ದೊಡ್ಡ ಮೈಕಿನವ ಅಂತೆ, ಮಣ್ಣಂಗಟ್ಟಿ. ಎರಡು ತಿಂಗಳಲ್ಲಿ ಅವಳ ಬಾಯಿಂದ ಅಷ್ಟು ಮಾತು ಒಟ್ಟಿಗೆ ಬಂದದ್ದು ಅದೇ ಮೊದಲು.

ಮುಂದಿನ ಶನಿವಾರ ನಾನು ಹೊತ್ತಿಗೆ ಮೊದಲೇ ಮಂದಿರಕ್ಕೆ ಹೋದೆ. ಅಲ್ಲಿನ ಆಂಪ್ಲಿಫೈಯರನ್ನು ಕೂರಿಸಿಕೊಟ್ಟವನೂ ನಾನೇ. ಯಾರೂ ತಿರುಗಿಸಬಾರದೆಂದು ಟ್ರೆಬಲ್ ಗುಂಡಿಯ ಮೇಲೆ ಕಪ್ಪು ಟೇಪು ಅಂಟಿಸಿದ್ದೆ. ಟೇಪು ಕಿತ್ತು, ಗುಂಡಿಯನ್ನು ಇಳಿಸಿ, ಹೆಂಗಸರ ಹಿಂದೆ ಗೋಡೆಗೆ ಒರಗಿ ಕುಳಿತೆ. ಅಕ್ಕ ಬಂದಳು. ಹಿಂದಿನ ಸಾಲಿನ ಬಳಿ ಒಂದು ಕ್ಷಣ ನಿಂತಳು, ತಾಳವನ್ನು ಪಕ್ಕದವರ ಕೈಗೆ ಕೊಟ್ಟಳು, ಮುಂದೆ ಹೋಗಿ ತನ್ನ ಜಾಗದಲ್ಲಿ ಕುಳಿತಳು. ಪಕ್ಕದವರು ಸ್ವಲ್ಪ ಸರಿದು ಜಾಗ ಬಿಟ್ಟರು.

ಅವಳು ಎತ್ತಿಕೊಂಡ ಮೊದಲ ಹಾಡಿನಲ್ಲೇ ಸಾಲಿಗೆ ಮೂರು ‘ಸ’. ಬೇಕೆಂದೇ ಆರಿಸಿದ್ದಳು ಎಂದು ನನಗೆ ಗೊತ್ತು. ಒಂದನ್ನೂ ನುಂಗದೆ, ಒಂದನ್ನೂ ದಾಟಿಸದೆ ಹಾಡಿದಳು. ಹೆಂಗಸರೆಲ್ಲ ಒಟ್ಟಿಗೆ ಎತ್ತಿಕೊಂಡಾಗ ನನಗೆ ತುಂಬ ಸಂತೋಷವಾಯಿತು.

ಮಂಗಳಾರತಿಯಾದ ಮೇಲೆ ಅಕ್ಕ ಪಂಚಕಜ್ಜಾಯದ ತಟ್ಟೆ ಹಿಡಿದು ಹಂಚುತ್ತ ನನ್ನ ಬಳಿಗೆ ಬಂದಳು. ಅವಳ ಹಾಡನ್ನು ನಾನು ಎಷ್ಟು ಸಲ ರೆಕಾರ್ಡ್ ಮಾಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಹಾಡು ಮುಗಿದಾಗ ನಾನು ಹೇಳಿದ್ದು ಲೆವೆಲ್ ಸರಿ ಉಂಟು, ಇಲ್ಲವೇ ಸರಿ ಇಲ್ಲ, ಇಷ್ಟೇ. ಪಂಚಕಜ್ಜಾಯಕ್ಕೆ ಕೈ ಒಡ್ಡಿದೆ.

“ಚಂದ ಹಾಡಿದೆ ಅಕ್ಕ” ಎಂದೆ.

ಅವಳು ತಟ್ಟೆ ಹಿಡಿದವಳು ಹಾಗೇ ನಿಂತಳು. ಹಿಂದೆ ಜನ ಕಾಯುತ್ತಿದ್ದರು.

“ಇನ್ನೊಮ್ಮೆ ಹೇಳು” ಎಂದಳು.

ಹೇಳಿದೆ.